ಸಾಫ್ಟ್‌ವೇರ್ ಕೊಳ್ಳುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ

ಅಣ್ಣ, ನಿಮ್ಮ ಅಡಿಕೆ ಬೆಳೆಗಾರರ ಸಂಘದ ಲೆಕ್ಕದ ಬಗ್ಗೆ ಕೇಳಿದ ಪ್ರಶ್ನೆ ಓದಿದೆ. ಅಡಿಕೆ ತೂಕದ ಲೆಕ್ಕ ಎಕ್ಸೆಲ್‌ನಲ್ಲಿ, ಹಣದ್ದು ಟ್ಯಾಲಿಯಲ್ಲಿ, ಮದ್ದು ಬಿಡುವವರ (ಔಷಧಿ ಸಿಂಪಡಿಸುವವರ) ಬುಕಿಂಗ್ ಗೂಗಲ್ ಫಾರ್ಮ್‌ನಲ್ಲಿ, ತೋಟದ ಗಡಿ ಇನ್ನೊಂದು ಮ್ಯಾಪ್ ಆ್ಯಪ್‌ನಲ್ಲಿ. ಎಲ್ಲ ಒಂದು ಮಾಡಲು ಯಾವ ಸಾಫ್ಟ್‌ವೇರ್ ಒಳ್ಳೆಯದು ಅಂತ ಕೇಳಿದ್ದೀರಿ. ಮೇಲೆ ಬಂದ ಉತ್ತರಗಳೆಲ್ಲ ಸಾಫ್ಟ್‌ವೇರಿನ ಹೆಸರುಗಳೇ. ಕೊಂಡರೆ ನಾಲ್ಕು ಹೋಗಿ ಐದಾಗುತ್ತದೆ, ಅಷ್ಟೆ.

ನಾಲ್ಕನ್ನೂ ಒಂದಕ್ಕೊಂದು ನೇರ ಜೋಡಿಸಿದರೆ ಆರು ಕೊಂಡಿ ಬೇಕು. ನಾಳೆ ಇನ್ನೆರಡು ಬಂದು ಆರಾದರೆ ಹದಿನೈದು. ಅದರ ಬದಲು ನಡುವೆ ನಿಮ್ಮದೇ ಒಂದು ಮಾದರಿ ಇಟ್ಟು, ಪ್ರತಿಯೊಂದನ್ನೂ ಅದಕ್ಕೆ ಮಾತ್ರ ಹೊಂದಿಸಿದರೆ ಆರಕ್ಕೆ ಆರೇ. ಮಾದರಿ ಅಂದರೆ ಹೆದರಬೇಡಿ. ನಿಮ್ಮ ಸಂಘದಲ್ಲಿ ಏನೇನಿದೆ, ಯಾವುದಕ್ಕೆ ಯಾವುದು ಸಂಬಂಧ ಅಂತ ಬರೆದ ಚಿತ್ರ. ಕಂಪ್ಯೂಟರ್ ವಿಜ್ಞಾನಿ ಪೀಟರ್ ಚೆನ್ 1976ರಲ್ಲಿ ಕೊಟ್ಟ ಚೌಕ, ಗೆರೆಗಳ ಕ್ರಮವೇ ನಿಮಗೆ ಧಾರಾಳ ಸಾಕು. ಯುಎಂಎಲ್ ಎಂಬ ದೊಡ್ಡ ಚಿತ್ರಪದ್ಧತಿ ಕಲಿಯುತ್ತ ಕೂರುವುದು ಬೇಡ. ಸದಸ್ಯ, ತೋಟ, ಲಾಟ್ (ಒಮ್ಮೆಗೆ ತೂಗಿ ತೆಗೆದುಕೊಂಡ ಅಡಿಕೆ), ಪಾವತಿ, ಮದ್ದಿನ ಕೆಲಸ: ಐದು ಚೌಕ ಹಾಕಿ, ಸಂಬಂಧ ಇರುವಲ್ಲಿ ಗೆರೆ ಎಳೆಯಿರಿ.

ಮೊದಲು ಸದಸ್ಯ. ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕದ ಕಡೆ ಒಬ್ಬರೇ ಮನುಷ್ಯರು ನಿಮ್ಮ ಎಕ್ಸೆಲ್‌ನಲ್ಲಿ ಕನ್ನಡದಲ್ಲಿ, ಬ್ಯಾಂಕಿನಲ್ಲಿ ಇಂಗ್ಲಿಷಿನಲ್ಲಿ ಇನಿಶಿಯಲ್ ಮುಂದೆ, ಇನ್ನೊಂದು ಕಡತದಲ್ಲಿ ಮಲಯಾಳದಲ್ಲಿ ಮನೆಹೆಸರು ಸೇರಿಸಿಕೊಂಡು ಇರುತ್ತಾರೆ. ಹೆಸರು ನೋಡಿ ಕಂಪ್ಯೂಟರ್ ಹೊಂದಿಸೀತು ಅಂತ ನಂಬಬೇಡಿ. ಫೋನ್ ನಂಬರೂ ಆಗದು, ಅಪ್ಪ ಮಗ ಇಬ್ಬರದೂ ಒಂದೇ ಇರುತ್ತದೆ. ಸಂಘದ್ದೇ ಸದಸ್ಯ ಸಂಖ್ಯೆ ಕೊಟ್ಟು ನಾಲ್ಕೂ ಕಡೆ ಅದನ್ನು ಹಾಕಿಸಿ. ಬ್ಯಾಂಕ್ ಖಾತೆಯ ಕಾಲಂ ಎಕ್ಸೆಲ್‌ನಲ್ಲಿ ಟೆಕ್ಸ್ಟ್ ಆಗಿಯೇ ಇರಲಿ. ಸಂಖ್ಯೆ ಅಂತ ಬಿಟ್ಟರೆ ಮುಂದಿನ ಸೊನ್ನೆ ಹಾರಿಹೋಗುತ್ತದೆ, ಹದಿನೈದು ಅಂಕಿಯ ಆಚೆಗಿನದು ಸೊನ್ನೆಯಾಗುತ್ತದೆ.

ತೋಟದ ಚೌಕದಲ್ಲಿ ಅಳತೆಯ ಜಗಳ. ನಾವು ಮಾತಾಡುವುದು ಸೆಂಟ್‌ನಲ್ಲಿ, ಗ್ರಾಮ ಕಚೇರಿಯ ರಶೀದಿಯಲ್ಲಿ ಇರುವುದು ಹೆಕ್ಟೇರ್, ಆರ್ (100 ಚದರ ಮೀಟರ್), ಚದರ ಮೀಟರ್. 40 ಅಂತ ಮಾತ್ರ ಬರೆದಿಟ್ಟರೆ ಯಾರಿಗೆ ಗೊತ್ತಾಗಬೇಕು? 40 ಆರ್ ಅಂದರೆ ಸುಮಾರು 99 ಸೆಂಟ್. ಮಾದರಿಯಲ್ಲಿ ಚದರ ಮೀಟರ್ ಒಂದೇ ಇರಲಿ (ಒಂದು ಸೆಂಟ್ 40.47), ತೋರಿಸುವಾಗ ಬೇಕಾದ್ದಕ್ಕೆ ತಿರುಗಿಸಿಕೊಳ್ಳಿ. ಗಡಿ ಗುರುತು ತರುವಾಗ ಇನ್ನೊಂದು: ಗೂಗಲ್ ಮ್ಯಾಪ್ ಅಕ್ಷಾಂಶ ಮೊದಲು ಹೇಳುತ್ತದೆ, ಗಡಿಯ ಬಿಂದುಗಳನ್ನು ಬರೆದಿಡುವ ಜಿಯೋಜೇಸನ್ ಕಡತದಲ್ಲಿ ರೇಖಾಂಶ ಮೊದಲು. ಅದಲು ಬದಲಾದರೆ ಕಾಸರಗೋಡಿನ ತೋಟ ನಾರ್ವೆಗಿಂತಲೂ ಉತ್ತರದ ಸಮುದ್ರದಲ್ಲಿ ಇರುತ್ತದೆ.

ಸರ್ಕಾರವೂ ಇದೇ ಪಾಡು ಪಟ್ಟಿದೆ. ಕೇರಳದಲ್ಲಿ ನೋಂದಣಿಗೆ ‘ಪರ್ಲ್’, ಕಂದಾಯಕ್ಕೆ ‘ರೆಲಿಸ್’, ಸರ್ವೆಗೆ ‘ಇ-ಮ್ಯಾಪ್ಸ್’ ಅಂತ ಬೇರೆ ಬೇರೆ ಸಾಫ್ಟ್‌ವೇರ್ ಇದ್ದವು. ಮೂರನ್ನೂ ಸೇರಿಸಿ 2024ರಲ್ಲಿ ‘ಎಂಡೆ ಭೂಮಿ’ (ನನ್ನ ಭೂಮಿ) ಎಂಬ ಪೋರ್ಟಲ್ ಬಂತು, ಶುರುವಾದದ್ದು ನಮ್ಮದೇ ಮಂಜೇಶ್ವರ ತಾಲೂಕಿನ ಉಜಾರುಳುವಾರು ಗ್ರಾಮದಲ್ಲಿ. ಒಂದು ತುಂಡು ಜಾಗಕ್ಕೆ ಮೂರೂ ಇಲಾಖೆಯಲ್ಲಿ ಒಂದೇ ಗುರುತು ಇಲ್ಲದೆ ಇಂಥದ್ದು ನಡೆಯುವುದಿಲ್ಲ.

ಇನ್ನು ಲಾಟ್. ತಲೆ ಹೆಚ್ಚು ಓಡಿಸಬೇಕಾದ್ದು ಇಲ್ಲೇ. ನಿಮ್ಮ ಎಕ್ಸೆಲ್‌ನಲ್ಲಿ ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂಬ ದರ್ಜೆಗಳು ಎಲ್ಲ ಒಂದೇ ಕಾಲಂನಲ್ಲಿವೆ. ಪಟೋರ, ಕರಿಗೋಟು ಅಡಿಕೆಯ ಗುಣ, ಅದು ಬದಲಾಗದು. ಹೊಸತು ಹಳತು ಹಾಗಲ್ಲ. ಈ ವರ್ಷ ಹೊಸತಾಗಿ ಬಂದು ದಾಸ್ತಾನಿನಲ್ಲಿ ಕೂತದ್ದು ಮುಂದೆ ಹಳತಾಗಿಯೇ ಮಾರಾಟವಾಗುವುದು, ದರವೂ ಬೇರೆ. ಹಾಗಾಗಿ ಲಾಟ್‌ಗೆ ಬೆಳೆಯ ವರ್ಷ ಬರೆದಿಡಿ. ಹೊಸತೋ ಹಳತೋ ಎಂಬುದು ಮಾರಾಟದ ದಿನ ಲೆಕ್ಕದಿಂದ ಬರಲಿ. ಇದನ್ನು ಬೇರ್ಪಡಿಸದೆ ಯಾವ ದುಬಾರಿ ಸಾಫ್ಟ್‌ವೇರ್ ತಂದರೂ ದಾಸ್ತಾನು ತಾಳೆಯಾಗುವುದಿಲ್ಲ.

ಆಮೇಲೆ ಪ್ರತಿ ವಿಷಯಕ್ಕೂ ಒಬ್ಬನೇ ಯಜಮಾನ. ತೂಕ ತಿದ್ದುವುದು ತೂಕದ ಕಡತದಲ್ಲಿ ಮಾತ್ರ, ಪಾವತಿ ಟ್ಯಾಲಿಯಲ್ಲಿ ಮಾತ್ರ. ಎರಡೂ ಕಡೆ ತಿದ್ದಲು ಬಿಟ್ಟರೆ ಯಾವುದು ಸರಿ ಅಂತ ಹುಡುಕುತ್ತ ಕೂರಬೇಕಾದೀತು. ತೂಕದ ಕಡತದಿಂದ ಟ್ಯಾಲಿಗೆ ಎಕ್ಸ್‌ಎಂಎಲ್ (ಕಂಪ್ಯೂಟರ್‌ಗಳು ಮಾಹಿತಿ ಹಂಚಿಕೊಳ್ಳುವ ಒಂದು ಬರಹ) ರೂಪದಲ್ಲಿ ವೋಚರ್, ಅಂದರೆ ಒಂದೊಂದು ವ್ಯವಹಾರದ ನಮೂದು, ಕಳಿಸಬಹುದು, ಅದಕ್ಕೆ ಸಣ್ಣ ಪ್ರೋಗ್ರಾಂ ಸಾಕು. ಆದರೆ ನಮ್ಮ ಗುಡ್ಡದ ನೆಟ್‌ವರ್ಕ್ ಗೊತ್ತಲ್ಲ! ಉತ್ತರ ಬಾರದಿದ್ದರೆ ಪ್ರೋಗ್ರಾಂ ಇನ್ನೊಮ್ಮೆ ಕಳಿಸುತ್ತದೆ, ಒಂದೇ ಲಾಟ್‌ಗೆ ಎರಡು ವೋಚರ್ ಬೀಳುತ್ತದೆ. ಲಾಟ್ ಸಂಖ್ಯೆ ಜೊತೆಗೆ ಕಳಿಸಿ, ಅದೇ ಸಂಖ್ಯೆ ಆಗಲೇ ಇದ್ದರೆ ಬಿಟ್ಟುಬಿಡುವಂತೆ ಪ್ರೋಗ್ರಾಂ ಬರೆಯುವವರಿಗೆ ಮೊದಲೇ ಹೇಳಿ. ತಾರೀಕು 2025-04-03 ಹೀಗೆಯೇ ಹೋಗಲಿ. 03/04 ಅಂದರೆ ಏಪ್ರಿಲೋ ಮಾರ್ಚೋ ಎಂದು ಕಂಪ್ಯೂಟರ್ ತನಗೆ ತೋಚಿದ್ದು ಮಾಡುತ್ತದೆ.

ಮದ್ದಿನ ಬುಕಿಂಗ್ ಸದ್ಯ ಫಾರ್ಮ್‌ನಲ್ಲೇ ಇರಲಿ, ಸದಸ್ಯ ಸಂಖ್ಯೆಯ ಒಂದು ಪ್ರಶ್ನೆ ಸೇರಿಸಿದರೆ ಆಯಿತು. ಮೊದಲು ತೂಕದಿಂದ ಟ್ಯಾಲಿಗೆ ಒಂದೇ ದಾರಿ ಮಾಡಿ, ಕಳೆದ ವರ್ಷದ ಲೆಕ್ಕ ಅದರಲ್ಲಿ ಓಡಿಸಿ ಮೊತ್ತ ತಾಳೆ ನೋಡಿ. ಐದು ಚೌಕದ ಹಾಳೆಯ ಫೋಟೋ ಇಲ್ಲೇ ಹಾಕಿ, ಗೆರೆ ಎಲ್ಲಿ ತಪ್ಪಿದೆ ನೋಡುವ. ಖಾತೆ ಸಂಖ್ಯೆ ಮಾತ್ರ ಫೋಟೋದಲ್ಲಿ ಕಾಣಬಾರದು.