ತಂತಿ ತಾಗದ ಪೈಪಿಗೆ ಕರೆಂಟ್ ಎಲ್ಲಿಂದ ಬಂತು?

ಪ್ರಶ್ನೆ: ನಾನು ಪೈಪ್‌ಲೈನ್ ನಿರ್ವಹಣೆ ಕೆಲಸದಲ್ಲಿದ್ದೇನೆ. ನೆಲದಡಿ ಹೂತಿರುವ ನಮ್ಮ ಉಕ್ಕಿನ ಪೈಪು ನಾಲ್ಕೈದು ಕಿಲೋಮೀಟರ್ ಹೈಟೆನ್ಷನ್ ಲೈನಿನ ಪಕ್ಕದಲ್ಲೇ ಸಾಗುತ್ತದೆ. ಎರಡೂ ಬೇರೆ ದಾರಿ ಹಿಡಿಯುವ ಜಾಗದಲ್ಲಿ ಒಂದು ವಾಲ್ವ್ ಇದೆ. ಮುಟ್ಟಿದರೆ ಕೈ ಜುಮ್ ಅನ್ನುತ್ತದೆ, ಸಂಜೆ ಹೊತ್ತು ಜಾಸ್ತಿ. ಕೋಟಿಂಗ್ ಹೊಸದು. ಒಂದು ತಾಮ್ರದ ಅರ್ತ್ ರಾಡ್ ಹೊಡೆದರೆ ಸಾಕಲ್ವಾ?

ಉತ್ತರ: ಸಾಲದು. ಹಾಗೆ ನೇರವಾಗಿ ಹೊಡೆಯಲೂಬೇಡಿ. ಮೊದಲು ಆ ವಾಲ್ವನ್ನು ಬರಿಗೈಲಿ ಮುಟ್ಟುವುದನ್ನು ಎಲ್ಲರೂ ನಿಲ್ಲಿಸಿ.

ಲೈನಿನಲ್ಲಿ ಹರಿಯುವ ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟಿನ ಸುತ್ತ ಕಾಂತಕ್ಷೇತ್ರ ಇರುತ್ತದೆ. ಅದು ಪಕ್ಕದಲ್ಲೇ ಉದ್ದಕ್ಕೂ ಸಾಗುವ ಪೈಪಿನಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆ. ಟ್ರಾನ್ಸ್‌ಫಾರ್ಮರ್ ಕೆಲಸ ಮಾಡುವುದೂ ಹೀಗೇ. ಸಂಜೆ ಲೋಡ್ ಏರಿದಾಗ ಪೈಪಿನ ವೋಲ್ಟೇಜೂ ಏರುತ್ತದೆ. ಲೈನು, ಪೈಪು ಬೇರೆಯಾಗುವ ಕಡೆ ಅದು ಸಾಮಾನ್ಯವಾಗಿ ಅತಿ ಹೆಚ್ಚು. ನಿಮ್ಮ ವಾಲ್ವ್ ಇರುವುದು ಅಲ್ಲೇ.

ಕೋಟಿಂಗ್ ಚೆನ್ನಾಗಿದ್ದಷ್ಟೂ ಈ ತೊಂದರೆ ಜಾಸ್ತಿ. ಹಳೆಯ ಕೋಟಿಂಗಿನಲ್ಲಿ ಅಲ್ಲಲ್ಲಿ ಕರೆಂಟ್ ಮಣ್ಣಿಗೆ ಸೋರಿಹೋಗುತ್ತಿತ್ತು. ಹೊಸದರಲ್ಲಿ ಹೋಗಲು ದಾರಿಯೇ ಇಲ್ಲ. ಎಲ್ಲೋ ಒಂದು ಸಣ್ಣ ಗೀರು ಬಿದ್ದರೆ ಕರೆಂಟೆಲ್ಲ ಅಲ್ಲಿಂದಲೇ ಹೊರಬಿದ್ದು ಲೋಹವನ್ನು ತಿನ್ನುತ್ತದೆ. ಹೀಗೆ ಎಸಿಯಿಂದ ಆದ ಸವೆತ 1986ರಲ್ಲಿ ಜರ್ಮನಿಯ ಒಂದು ಗ್ಯಾಸ್ ಪೈಪಿನಲ್ಲಿ ಕಂಡುಬಂತು. ಆ ಪೈಪಿನ ಕೋಟಿಂಗೂ ಚೆನ್ನಾಗಿತ್ತು.

ಇನ್ನು ಮನುಷ್ಯರ ಮಾತು. ಪೈಪ್‌ಲೈನ್ ಕೆಲಸದಲ್ಲಿ 15 ವೋಲ್ಟ್ ಎಸಿಯನ್ನು ಮಿತಿ ಅಂತ ಇಟ್ಟುಕೊಳ್ಳುವ ರೂಢಿ ಇದೆ. ದೇಹದ ರೋಧ ಸುಮಾರು 1000 ಓಮ್ ಅಂದುಕೊಂಡರೆ 15 ಮಿಲಿಆಂಪಿಯರ್ ಹರಿಯುತ್ತದೆ. ಅಷ್ಟಾದರೆ ಹಿಡಿದ ಕೈ ಬಿಡಿಸಿಕೊಳ್ಳುವುದೇ ಕಷ್ಟ. ಆದರೆ ನನಗೆ ಹೆಚ್ಚು ಭಯ ಇರುವುದು ದಿನನಿತ್ಯದ ಈ ಜುಮ್ ಬಗ್ಗೆ ಅಲ್ಲ. ಲೈನಿನಲ್ಲಿ ಅರ್ತ್ ಫಾಲ್ಟ್ ಆದರೆ (ಕರೆಂಟ್ ದಾರಿ ತಪ್ಪಿ ನೆಲಕ್ಕೆ ಇಳಿದರೆ), ಇಲ್ಲವೇ ಟವರಿಗೆ ಸಿಡಿಲು ಬಡಿದರೆ, ಟವರಿನ ಬುಡದ ಮಣ್ಣೇ ಕರೆಂಟ್ ಹೊತ್ತುಕೊಳ್ಳುತ್ತದೆ. ಆ ಕ್ಷಣಕ್ಕೆ ಪೈಪಿಗೂ ಮಣ್ಣಿಗೂ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಬರಬಹುದು. ಆಗ ವಾಲ್ವ್ ಹಿಡಿದು ನಿಂತವರು ಬದುಕುವುದು ಕಷ್ಟ. ಗುಡುಗು ಕೇಳಿಸಿದರೆ ಕೆಲಸ ನಿಲ್ಲಿಸಿ ದೂರ ಹೋಗಿ.

ತಾಮ್ರದ ರಾಡ್ ಯಾಕೆ ಬೇಡ? ತುಕ್ಕು ತಡೆಯಲು ಪೈಪಿಗೆ ಕೊಡುವ ಕ್ಯಾಥೋಡಿಕ್ ಪ್ರೊಟೆಕ್ಷನ್ ಡಿಸಿಯಲ್ಲಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟಿನಲ್ಲಿ ನಡೆಯುತ್ತದೆ. ತಾಮ್ರ ಆ ಕರೆಂಟನ್ನು ಎಳೆದುಕೊಂಡುಬಿಡುತ್ತದೆ. ಬೇಕಾಗಿರುವುದು ಎಸಿಯನ್ನು ಮಾತ್ರ ನೆಲಕ್ಕೆ ಬಿಟ್ಟು ಡಿಸಿಯನ್ನು ತಡೆಯುವ ಡಿಕಪ್ಲರ್. ಅದರ ಮೂಲಕ ಪೈಪನ್ನು ಪಕ್ಕದಲ್ಲಿ ಹೂತ ಸತುವಿನ ಪಟ್ಟಿಗೆ ಜೋಡಿಸುತ್ತಾರೆ. ವಾಲ್ವ್ ಸುತ್ತ ಜನ ನಿಲ್ಲುವ ಜಾಗದ ಕೆಳಗೆ ಲೋಹದ ಬಲೆಯನ್ನು ಹೂತು, ಅದನ್ನೂ ಪೈಪಿಗೆ ಸೇರಿಸಬೇಕು. ಆಗ ಕೈಗೂ ಕಾಲಿಗೂ ಹೆಚ್ಚುಕಮ್ಮಿ ಒಂದೇ ವೋಲ್ಟೇಜ್. ಮೇಲೆ ಜಲ್ಲಿ ಹರಡಿದರೆ ಇನ್ನೂ ಒಳ್ಳೆಯದು. ಇದರ ಲೆಕ್ಕ ಹಾಕುವವರಿಗೆ ಲೈನಿನ ಲೋಡ್, ಫಾಲ್ಟ್ ಕರೆಂಟ್ ವಿವರ ಬೇಕು. ಲೈನಿನವರಿಂದ ಈಗಲೇ ಕೇಳಿ ಪಡೆಯಿರಿ. ಅಳತೆಯನ್ನು ಲೋಡ್ ಹೆಚ್ಚಿರುವ ಹೊತ್ತಿನಲ್ಲೇ ಮಾಡಿಸಿ. ಬೆಳಗಿನ ಜಾವದ ರೀಡಿಂಗ್ ನಂಬಬೇಡಿ.

ಇನ್ನೊಂದು ವಿಷಯ, ನೀವು ಕೇಳಿಲ್ಲವಾದರೂ ಹೇಳುತ್ತೇನೆ. ಪೈಪ್ ಕತ್ತರಿಸುವ ಅಥವಾ ವಾಲ್ವ್ ಬಿಚ್ಚುವ ಕೆಲಸ ಬಂದರೆ, ಮೊದಲು ಎರಡೂ ಬದಿಯ ಪೈಪನ್ನು ದಪ್ಪ ಕೇಬಲ್‌ನಿಂದ ಜೋಡಿಸಿ. ಇಲ್ಲದಿದ್ದರೆ ತುಂಡಾದ ಎರಡು ತುದಿಗಳ ನಡುವೆ ವೋಲ್ಟೇಜ್ ನಿಲ್ಲುತ್ತದೆ, ಕಿಡಿ ಹಾರಬಹುದು. ಒಳಗೆ ಗ್ಯಾಸ್ ಇದ್ದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ಪೈಪ್ ಮತ್ತೆ ಕೂಡಿಸುವವರೆಗೆ ಆ ಕೇಬಲನ್ನು ಯಾರೂ ತೆಗೆಯಬಾರದು.