ಮನೆತನದ ಕಾಫಿ ಕಂಪನಿಯಲ್ಲಿ ಷೇರಿದೆ, ಲಾಭ ಮಾತ್ರ ಬರುತ್ತಿಲ್ಲ. ಏನು ಮಾಡಬಹುದು?

ತೋಟ ಪ್ರೈವೇಟ್ ಲಿಮಿಟೆಡ್ ಕಂಪನಿಯ ಹೆಸರಲ್ಲಿದೆ, ನಿಮ್ಮದು ಶೇ. 12 ಷೇರು, ಐದು ವರ್ಷದಿಂದ ಡಿವಿಡೆಂಡ್ (ಲಾಭದ ಪಾಲು) ಇಲ್ಲ, ಡೈರೆಕ್ಟರ್ ಆಗಿರುವ ದೊಡ್ಡಪ್ಪನ ಮಗ ಫಸಲನ್ನೆಲ್ಲ ತನ್ನ ಹೆಂಡತಿಯ ವ್ಯಾಪಾರಕ್ಕೆ ಕಡಿಮೆ ದರದಲ್ಲಿ ಕೊಡುತ್ತಿದ್ದಾರೆ ಅಂತ ಬರೆದಿದ್ದೀರಿ. ಓದಿ ಸಂಕಟವಾಯಿತು. ಕೊಡಗಿನ ಸೋಮವಾರಪೇಟೆ ಕಡೆ ನಮ್ಮ ಅಮ್ಮನ ತವರಿನ ಕಂಪನಿಯಲ್ಲೂ ಇದೇ ಆಗಿತ್ತು. ನಾನು ವಕೀಲನಲ್ಲ. ಅಮ್ಮನ ಜೊತೆ ಮೂರು ವರ್ಷ ಓಡಾಡಿ ತಿಳಿದದ್ದನ್ನು ಹೇಳುತ್ತೇನೆ.

ಮೊದಲ ವರ್ಷವೆಲ್ಲ ನಾವು 'ಡಿವಿಡೆಂಡ್ ಕೊಡಿ' ಅಂತಲೇ ಜಗಳ ಆಡಿದೆವು. ಅದೊಂದೇ ಮಾತು ಗಟ್ಟಿಯಾಗಿ ನಿಲ್ಲುವುದಿಲ್ಲ. ಡಿವಿಡೆಂಡ್ ಎಷ್ಟು ಅಂತ ಶಿಫಾರಸು ಮಾಡುವುದು ಬೋರ್ಡು, ಅಂದರೆ ಡೈರೆಕ್ಟರುಗಳ ಮಂಡಳಿ. ತೋಟದ ಖರ್ಚಿಗೆ ಹಣ ಉಳಿಸಿಕೊಂಡಿದ್ದೇವೆ ಅಂದುಬಿಟ್ಟರೆ ಮುಂದೆ ಮಾತಾಡುವುದು ಕಷ್ಟ. (ಘೋಷಿಸಿದ ಡಿವಿಡೆಂಡನ್ನು 30 ದಿನದೊಳಗೆ ಕೊಡದಿದ್ದರೆ ಅದು ಅಪರಾಧ, ಆ ವಿಷಯ ಬೇರೆ.)

ನಿಮ್ಮ ಕೇಸಿನ ಜೀವ ಇರುವುದು ಕಾಫಿ ಚೀಲದಲ್ಲಿ. ಯಾವ ದಿನ ಎಷ್ಟು ಚೀಲ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಹೋಯಿತು? ಯಾವ ದರಕ್ಕೆ? ಆ ದಿನ ಮಾರುಕಟ್ಟೆಯಲ್ಲಿ ಎಷ್ಟಿತ್ತು? ಕಾಫಿ ಮಂಡಳಿ ದಿನದ ದರ ಪ್ರಕಟಿಸುತ್ತದೆ, ಹೋಲಿಸಿ ನೋಡಿ. 2024ರಲ್ಲಿ ರೊಬಸ್ಟಾ ಕಾಫಿಯ ಬೆಲೆ ಹಿಂದೆಂದೂ ಕಾಣದಷ್ಟು ಏರಿತಲ್ವಾ? ಆಗಲೂ ಕಂಪನಿಯ ಆದಾಯ ಇದ್ದಲ್ಲೇ ಇದ್ದರೆ, ಉಳಿದ ದುಡ್ಡು ಯಾರ ಕೈ ಸೇರಿತು ಅಂತ ನೀವು ಕೇಳಲೇಬೇಕು.

ಕಂಪನಿಯ ಲೆಕ್ಕಪತ್ರ ಎಂಸಿಎ (ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ) ಜಾಲತಾಣದಲ್ಲಿ 100 ರೂಪಾಯಿ ಕಟ್ಟಿದರೆ ಸಿಗುತ್ತದೆ. ಕೊನೆಯ ಟಿಪ್ಪಣಿಗಳನ್ನು ಬಿಡದೆ ಓದಿ. ಸಂಬಂಧಿಕರ ಜೊತೆಗಿನ ವ್ಯವಹಾರ ಅಲ್ಲಿ ಇರಬೇಕು. ಇಲ್ಲದಿದ್ದರೆ ಅದೇ ಒಂದು ಸಾಕ್ಷಿ. ಸಾಮಾನ್ಯ ಸಭೆಗಳ ನಡಾವಳಿ ಪುಸ್ತಕ ನೋಡುವ ಹಕ್ಕೂ ನಿಮಗಿದೆ. ಬೋರ್ಡ್ ಸಭೆಯ ನಡಾವಳಿ ನೋಡಲು ಷೇರುದಾರರಿಗೆ ಅಂಥ ಹಕ್ಕಿಲ್ಲ.

ಇಷ್ಟು ಕೈಲಿದ್ದರೆ 2013ರ ಕಂಪನಿ ಕಾಯ್ದೆಯ 241 ಮತ್ತು 242ನೇ ಸೆಕ್ಷನ್ ಅಡಿ, ಷೇರುದಾರರ ಮೇಲಿನ ದಬ್ಬಾಳಿಕೆ ಮತ್ತು ಕೆಟ್ಟ ಆಡಳಿತದ ವಿರುದ್ಧ, ಬೆಂಗಳೂರಿನ ಎನ್‌ಸಿಎಲ್‌ಟಿಗೆ (ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ) ಅರ್ಜಿ ಹಾಕಬಹುದು. ಮಡಿಕೇರಿಯ ಸಿವಿಲ್ ಕೋರ್ಟಿಗೆ ಇದರ ಅಧಿಕಾರ ಇಲ್ಲ. ಅರ್ಜಿ ಹಾಕಲು ಒಂದು ದಾರಿ ಹತ್ತನೇ ಒಂದು ಭಾಗ ಷೇರು ಇರುವುದು, ನಿಮಗಿದೆ. ಡೈರೆಕ್ಟರನ್ನು ತೆಗೆಯುವುದು, ಅಡ್ಡದಾರಿಯಲ್ಲಿ ಹೋದ ಲಾಭ ವಾಪಸ್ ಕಟ್ಟಿಸುವುದು, ನಿಮ್ಮ ಷೇರನ್ನು ನ್ಯಾಯವಾದ ಬೆಲೆಗೆ ಕೊಳ್ಳಿಸುವುದು, ಎಲ್ಲ ಆ ನ್ಯಾಯಮಂಡಳಿಯ ಕೈಲಿದೆ. ಸುಮ್ನೆ ಕಾಯಬೇಡಿ, ಕಾಲಮಿತಿಯ ಪ್ರಶ್ನೆ ಬರುತ್ತದೆ. ಸಾಮಾನ್ಯವಾಗಿ ಮೂರು ವರ್ಷ.

ಒಂದು ಎಚ್ಚರ. ಕಂಪನಿಯಿಂದ ಬಂದ ರಿಜಿಸ್ಟರ್ಡ್ ಪತ್ರ ಒಡೆಯದೆ ಇಡಬೇಡಿ. ಹೊಸ ಷೇರು ಕೊಡುತ್ತೇವೆ, ಇಷ್ಟು ದಿನದಲ್ಲಿ ದುಡ್ಡು ಕಟ್ಟಿ ಅಂತ ಅದರಲ್ಲಿ ಇರಬಹುದು. ನೀವು ಕಟ್ಟದಿದ್ದರೆ ನಿಮ್ಮ ಶೇ. 12 ಕರಗಿ ಹತ್ತರ ಕೆಳಗೆ ಇಳಿಯಬಹುದು. ಅಮ್ಮ ಇದರಿಂದ ಕೂದಲೆಳೆಯಲ್ಲಿ ಪಾರಾದರು.

ನಮ್ಮ ಅರ್ಜಿ ನಡೆಯುತ್ತಿರುವಾಗಲೇ ಕಂಪನಿ ನಡೆಸುತ್ತಿದ್ದ ಸೋದರಮಾವ ರಾಜಿಗೆ ಬಂದರು. ಹೊರಗಿನವರಿಂದ ಬೆಲೆ ಕಟ್ಟಿಸಿ ಅಮ್ಮನ ಷೇರು ಕೊಂಡರು. ಆದರೆ ಹುತ್ತರಿ ಹಬ್ಬಕ್ಕೆ ಅಮ್ಮ ತವರಿಗೆ ಹೋಗುವುದು ಅಲ್ಲಿಗೆ ನಿಂತಿತು. ಅದಕ್ಕೇ ಹೇಳುತ್ತೇನೆ, ಬೆಂಗಳೂರಿಗೆ ಹೋಗುವ ಮೊದಲು ಒಂದು ಸಲ ಲೆಕ್ಕ ಕೇಳಿ ಪತ್ರ ಬರೆಯಿರಿ. ಉತ್ತರಕ್ಕೆ 15 ದಿನ ಕೊಡಿ, ಪ್ರತಿ ಇಟ್ಟುಕೊಳ್ಳಿ.

ಕಂಪನಿಯಲ್ಲಿ ಒಟ್ಟು ಎಷ್ಟು ಜನ ಷೇರುದಾರರಿದ್ದಾರೆ ಅಂತ ತಿಳಿಸುತ್ತೀರಾ? ಹತ್ತಕ್ಕಿಂತ ಕಡಿಮೆ ಇದ್ದರೆ, ಷೇರು ಎಷ್ಟೇ ಇರಲಿ, ಒಬ್ಬರೇ ಅರ್ಜಿ ಹಾಕಬಹುದು. ನಿಮ್ಮ ಅತ್ತೆಯಂದಿರಿಗೆ ಸ್ವಲ್ಪವೇ ಷೇರು ಇದ್ದರೆ ಅವರಿಗೂ ಅದು ಉಪಯೋಗಕ್ಕೆ ಬರಬಹುದು.