ಪಿಯುಸಿ ಆದಮೇಲೆ ಚೈನೀಸ್ ಭಾಷೆಯಲ್ಲಿ ಬಿಎ ಮಾಡಬಹುದಾ? ಅಕ್ಷರಗಳು ತುಂಬಾ ಕಷ್ಟವಾ?

ಚೈನೀಸ್ ಬಿಎಗೆ ಸೇರುವ ಆಸೆ ನಿಮ್ಮದು. ಮನೆಯವರು ಬಿಕಾಂ ಮಾಡು, ಭಾಷೆಯನ್ನು ಆ್ಯಪ್‌ನಲ್ಲಿ ಕಲಿ ಅನ್ನುತ್ತಿದ್ದಾರೆ. ಸಾವಿರಾರು ಅಕ್ಷರಗಳ ಭಯ ಬೇರೆ. ಸಂಸ್ಕೃತಿ, ಇತಿಹಾಸದ ಪೇಪರ್ ಕಡಿಮೆ ಇರುವ ಕೋರ್ಸ್ ಯಾವುದು ಅಂತಲೂ ಕೇಳಿದ್ದೀರಿ. ಹಾಸನದಿಂದ ದೆಹಲಿಗೆ ಚೈನೀಸ್ ಓದಲು ಹೊರಟಾಗ ನನ್ನ ತಲೆಯಲ್ಲೂ ಇವೇ ಇದ್ದವು.

ಸೇರಿ. ಅಕ್ಷರಗಳ ಚಿಂತೆ ಬಿಡಿ. ಅವಕ್ಕೆ ಒಂದು ಕ್ರಮ ಇದೆ. ಹೆಚ್ಚಿನವು ಎರಡು ಭಾಗ ಸೇರಿ ಆಗಿರುತ್ತವೆ, ಒಂದು ಅರ್ಥದ ಸುಳಿವು, ಇನ್ನೊಂದು ಉಚ್ಚಾರಣೆಯ ಸುಳಿವು. ನದಿ, ಸರೋವರ, ಸಮುದ್ರ ಮೂರರ ಎಡಗಡೆಯೂ ನೀರಿನ ಮೂರು ಹನಿ ಇರುತ್ತವೆ. ದಿನಾ ಕೈಯಲ್ಲಿ ಬರೆದರೆ ತಲೆಯಲ್ಲಿ ಕೂರುತ್ತವೆ. ನನಗೆ ಪೆಟ್ಟು ಬಿದ್ದದ್ದು ಟೋನ್‌ನಿಂದ, ಅಂದರೆ ಪದದ ಅರ್ಥವನ್ನೇ ಬದಲಿಸುವ ದನಿಯ ಏರಿಳಿತದಿಂದ.

ಚೈನೀಸ್ ಉಚ್ಚಾರಣೆಯನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಪಿನ್‌ಯಿನ್ ಅನ್ನುವ ಪದ್ಧತಿ ಇದೆ. ಚೀನಾದಲ್ಲಿ 1958ರಿಂದ ಬಳಕೆಯಲ್ಲಿದೆ. ಪ್ರತಿ ಉಚ್ಚಾರಣೆಯ ಮೇಲೆ ಟೋನ್ ಗುರುತು ಹಾಕುತ್ತಾರೆ. ಮೊದಲ ಸೆಮಿಸ್ಟರ್‌ನಲ್ಲಿ ಅದನ್ನೇ ಕಲಿಸುತ್ತಾರೆ. ನಾನು ಅದನ್ನು ಪಕ್ಕಕ್ಕಿಟ್ಟು, ನೋಟ್ಸ್‌ನಲ್ಲಿ ಪ್ರತಿ ಪದದ ಮೇಲೆ ಕನ್ನಡದಲ್ಲಿ ಉಚ್ಚಾರಣೆ ಬರೆದುಕೊಂಡೆ.

ಸೋಮಾರಿತನದಿಂದ ಹಾಗೆ ಮಾಡಲಿಲ್ಲ. ಕನ್ನಡದಲ್ಲಿ ಬರೆದದ್ದೇ ಹೆಚ್ಚು ಸರಿ ಅನ್ನಿಸಿತ್ತು. ಪಿನ್‌ಯಿನ್‌ನ 'ಬಿ' ನಮ್ಮ ಬ ಅಲ್ಲ, ಪ. ಅದರ 'ಪಿ' ನಮ್ಮ ಫಲದ ಫ, ಫೋನಿನ ಫ ಅಲ್ಲ. 'ಡಿ' ಅಂದರೆ ತ, 'ಟಿ' ಅಂದರೆ ಥ. 'ಜಿ' ಅಂದರೆ ಕ, 'ಕೆ' ಅಂದರೆ ಖ. ಇಂಗ್ಲಿಷ್ ಓದಿದ ಹಾಗೆ ಓದಿದವರು ಇಲ್ಲಿ ಎಡವುತ್ತಿದ್ದರು. ನಮ್ಮ ಅಲ್ಪಪ್ರಾಣ, ಮಹಾಪ್ರಾಣ ಇದನ್ನು ಚೆನ್ನಾಗಿ ಹಿಡಿಯುತ್ತವೆ. ಮೊದಲ ತಿಂಗಳುಗಳಲ್ಲಿ ಮೇಷ್ಟ್ರು ನನ್ನ ವ್ಯಂಜನಗಳನ್ನು ಹೊಗಳಿದ್ದೂ ಉಂಟು. ಅದರಿಂದ ನನ್ನ ನಂಬಿಕೆ ಇನ್ನೂ ಗಟ್ಟಿಯಾಯಿತು.

ಆದರೆ ಕನ್ನಡ ಲಿಪಿಯಲ್ಲಿ ಟೋನ್‌ಗೆ ಗುರುತಿಲ್ಲ. ಮ್ಯಾಂಡರಿನ್‌ನಲ್ಲಿ, ಅಂದರೆ ನಾವು ಕಲಿಯುವ ಚೈನೀಸ್‌ನಲ್ಲಿ, ನಾಲ್ಕು ಟೋನ್. ಒಂದು ಎತ್ತರದಲ್ಲಿ ಸಮವಾಗಿ ನಿಲ್ಲುತ್ತದೆ. ಎರಡನೆಯದು ಮೇಲಕ್ಕೆ ಏರುತ್ತದೆ. ಮೂರನೆಯದು ತಗ್ಗಿನಲ್ಲಿ ಉಳಿಯುತ್ತದೆ. ನಾಲ್ಕನೆಯದು ಮೇಲಿಂದ ಥಟ್ಟನೆ ಇಳಿಯುತ್ತದೆ. ಇವಲ್ಲದೆ ಟೋನ್ ಇಲ್ಲದ ಹಗುರ ಉಚ್ಚಾರಣೆಯೂ ಇದೆ. ಕೊಳ್ಳುವುದಕ್ಕೂ ಮಾರುವುದಕ್ಕೂ ನನ್ನ ನೋಟ್ಸ್‌ನಲ್ಲಿ ಒಂದೇ 'ಮಾಯ್' ಇತ್ತು. ಕೊಳ್ಳುವುದು ಮೂರನೇ ಟೋನ್, ಮಾರುವುದು ನಾಲ್ಕನೆಯದು. ಹೀಗೆ ನೂರಾರು ಪದಗಳನ್ನು ಟೋನ್ ಇಲ್ಲದೆ ಬಾಯಿಪಾಠ ಮಾಡಿಬಿಟ್ಟೆ. ಬಾಯಿ ತೆರೆದರೆ ಕನ್ನಡದ ರಾಗವೇ ಬರುತ್ತಿತ್ತು. ಪ್ರಶ್ನೆ ಕೇಳುವಾಗ ನಾವು ಕೊನೆಯಲ್ಲಿ ದನಿ ಎತ್ತುತ್ತೇವೆ ಅಲ್ವಾ, ಚೈನೀಸ್‌ನಲ್ಲಿ ಹಾಗೆ ಎತ್ತಿದರೆ ಕೊನೆಯ ಪದದ ಟೋನ್ ಕೆಡುತ್ತದೆ.

ಇದು ಯಾರಿಗೂ ಗೊತ್ತಾಗಲಿಲ್ಲ ಅನ್ನುವುದೇ ದೊಡ್ಡ ತೊಂದರೆ. ಪರೀಕ್ಷೆಯಲ್ಲಿ ಇದ್ದದ್ದು ಹೆಚ್ಚಾಗಿ ಬರವಣಿಗೆ, ವ್ಯಾಕರಣ, ಅನುವಾದ. ಅಂಕ ಚೆನ್ನಾಗಿ ಬಂತು. ಚೀನಾದವರು ವಿದೇಶಿಯರಿಗೆ ನಡೆಸುವ ಎಚ್‌ಎಸ್‌ಕೆ ಅನ್ನುವ ಚೈನೀಸ್ ಭಾಷಾ ಪರೀಕ್ಷೆ ಬರೆದಾಗಲೂ ಅಷ್ಟೇ. ಅದರಲ್ಲಿ ಕೇಳುವುದು, ಓದುವುದು, ಬರೆಯುವುದು ಇತ್ತು. ಮಾತಿನ ಪರೀಕ್ಷೆಯನ್ನು ಬೇರೆಯಾಗಿ ನಡೆಸುತ್ತಿದ್ದರು, ನಾನು ಕಟ್ಟಲಿಲ್ಲ. ತರಗತಿಯಲ್ಲಿ ಇದ್ದವರೆಲ್ಲ ಭಾರತೀಯರು. ಒಬ್ಬರ ಚೈನೀಸ್ ಇನ್ನೊಬ್ಬರಿಗೆ ಅರ್ಥವಾಗುತ್ತಿತ್ತು.

ಬಿಎ ಆದಮೇಲೆ ವಿದ್ಯಾರ್ಥಿವೇತನ ಸಿಕ್ಕಿ ಒಂದು ವರ್ಷಕ್ಕೆ ಬೀಜಿಂಗ್‌ಗೆ ಹೋದೆ. ಯಾವ ತರಗತಿಗೆ ಹಾಕಬೇಕು ಅಂತ ಮೊದಲು ಪರೀಕ್ಷೆ ಮಾಡಿದರು. ಓದಲು ಕೊಟ್ಟ ಪುಟದ ಅರ್ಥ ಪೂರ್ತಿ ಆಯಿತು. ಓದಿ ಹೇಳಿ ಅಂದರು, ಹೇಳಿದೆ. ಎದುರಿಗಿದ್ದ ಮೇಡಂ ಇನ್ನೊಮ್ಮೆ ಹೇಳಿ ಅಂದರು. ಮತ್ತೆ ಇನ್ನೊಮ್ಮೆ. ಕೊನೆಗೆ ಕೆಲವೇ ತಿಂಗಳು ಕಲಿತವರ ತರಗತಿಗೆ ಹಾಕಿದರು. ನಾನು ಹೋದದ್ದು ಅನುವಾದ ಮತ್ತು ಹಳೆಯ ಚೈನೀಸ್ ಕಲಿಯಲು. ಆ ವರ್ಷದ ಬಹುಪಾಲು ಗೊತ್ತಿದ್ದ ಪದಗಳನ್ನೇ ಮತ್ತೆ ಹೇಳಲು ಕಲಿಯುವುದರಲ್ಲಿ ಹೋಯಿತು. ಶ್ರುತಿ ತಪ್ಪಿ ಕಲಿತ ಹಾಡನ್ನು ತಿದ್ದುವುದು ಹೊಸ ಹಾಡು ಕಲಿಯುವುದಕ್ಕಿಂತ ಕಷ್ಟ. ಅಂಥ ಅವಕಾಶ ಮತ್ತೆ ಸಿಗಲಿಲ್ಲ. 2020ರ ಶುರುವಿನಲ್ಲಿ ಕೋವಿಡ್‌ನಿಂದಾಗಿ ಚೀನಾ ಬಾಗಿಲು ಹಾಕಿತು. ಹೆಚ್ಚಿನ ವಿದೇಶಿ ವಿದ್ಯಾರ್ಥಿಗಳಿಗೆ 2022ರ ಆಗಸ್ಟ್‌ವರೆಗೆ ದಾರಿ ಇರಲಿಲ್ಲ.

ಹಾಗಾಗಿ ಕನ್ನಡದಲ್ಲಿ ಉಚ್ಚಾರಣೆ ಬರೆದುಕೊಳ್ಳಬೇಡಿ, ಮೊದಲ ವಾರವೂ ಬೇಡ. ಚೈನೀಸ್‌ನಲ್ಲಿ ಬಹಳ ಪದಗಳು ಎರಡು ಅಕ್ಷರ ಸೇರಿ ಆದವು. ಒಂದೊಂದೇ ಟೋನ್ ಅಭ್ಯಾಸ ಮಾಡಿ ಲಾಭವಿಲ್ಲ, ಜೋಡಿಯಾಗಿ ಮಾಡಿ. ಮೂರನೇ ಟೋನ್‌ನ ಎರಡು ಅಕ್ಷರ ಪಕ್ಕ ಪಕ್ಕ ಬಂದರೆ ಮೊದಲನೆಯದು ಎರಡನೇ ಟೋನ್ ಆಗುತ್ತದೆ. ಇಂಥವು ಜೋಡಿಯಲ್ಲೇ ಗೊತ್ತಾಗುವುದು. ಫೋನ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ. ತಪ್ಪಿದ ಕಡೆ ನಿಲ್ಲಿಸಿ ತಿದ್ದುವ ಮೇಷ್ಟ್ರು ಬೇಕೇ ಬೇಕು. ಆ್ಯಪ್ ಸಾಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅಂದಾಜಿಗೆ ಸರಿ ಇದ್ದರೂ ಅದು ಮುಂದೆ ಬಿಡುತ್ತದೆ.

ಇನ್ನು ಸಂಸ್ಕೃತಿಯ ಪೇಪರ್ ಕಡಿಮೆ ಇರುವ ಕೋರ್ಸ್. ಆ ಹುಡುಕಾಟವೇ ತಪ್ಪು. ಅದು ಬೇಡವಾದರೆ ವಿಶ್ವವಿದ್ಯಾಲಯವೇ ಬೇಡ. ನಮ್ಮ ಒಂದು ಪೇಪರ್‌ನಲ್ಲಿ ಹ್ಯೂಯೆನ್ ತ್ಸಾಂಗನ ಪ್ರವಾಸ ಬರಹದ ಒಂದು ಭಾಗ ಇತ್ತು. ಶಾಲೆಯ ಪುಸ್ತಕದಲ್ಲಿ ಎರಡು ಸಾಲು ಓದಿದ್ದೆವಲ್ಲ, ಅದೇ ಯಾತ್ರಿಕ. 646ರಲ್ಲಿ ಮುಗಿದ ಬರಹ. ಅದರಲ್ಲಿ ನಾಲ್ಕು ಚೀನೀ ಅಕ್ಷರಗಳಲ್ಲಿ ನಮ್ಮ ಪುಲಕೇಶಿಯ ಹೆಸರಿದೆ. ಉಪಕಾರ ಮಾಡಿದವರನ್ನು ಈ ಜನ ಮರೆಯುವುದಿಲ್ಲ, ಅಪಮಾನ ಮಾಡಿದವರನ್ನು ಬಿಡುವುದಿಲ್ಲ ಅಂತ ಬರೆದಿದ್ದಾನೆ. ಯುದ್ಧಕ್ಕೆ ಮುಂಚೆ ಆನೆಗಳಿಗೂ ಹೆಂಡ ಕುಡಿಸುತ್ತಿದ್ದರಂತೆ. ಹರ್ಷನಿಗೂ ಇವರನ್ನು ಸೋಲಿಸಲು ಆಗಲಿಲ್ಲ ಅನ್ನುತ್ತಾನೆ. ಬಾದಾಮಿಯ ರಾಜನ ಬಗ್ಗೆ ಅದೇ ಕಾಲದ ಚೀನೀಯನೊಬ್ಬ ಬರೆದದ್ದನ್ನು ಅವನ ಭಾಷೆಯಲ್ಲೇ ಓದುವುದು ದೊಡ್ಡ ಸಂತೋಷ. ನಿಮಗೂ ಅದು ಸಿಗಲಿ ಅನ್ನುವುದು ನನ್ನ ಆಸೆ.

ಕೆಲಸ ಇದೆ. ನಾನು ಬೆಂಗಳೂರಿನಲ್ಲಿ ದುಭಾಷಿ. ದೇವನಹಳ್ಳಿಯಲ್ಲಿ ಫಾಕ್ಸ್‌ಕಾನ್ ಕಾರ್ಖಾನೆ ಬಂದಿದೆ, ತೈವಾನ್ ಕಂಪನಿ. ಅಲ್ಲಿಯವರೂ ಮ್ಯಾಂಡರಿನ್ ಆಡುತ್ತಾರೆ, ಬರೆಯುವುದು ಮಾತ್ರ ಹಳೆಯ ರೂಪದ ಅಕ್ಷರಗಳಲ್ಲಿ. ಅವನ್ನು ಓದಲು ಕಲಿತಿರಿ. ಎಚ್‌ಎಸ್‌ಕೆಯ ಹಳೆಯ ಆರು ಹಂತದ ಲೆಕ್ಕದಲ್ಲಿ ನಾಲ್ಕನೆಯದಕ್ಕೆ 1200 ಪದ, ಐದನೆಯದಕ್ಕೆ 2500. ಐದನೆಯದನ್ನು ಗುರಿ ಇಟ್ಟುಕೊಳ್ಳಿ.

ದೆಹಲಿಯ ಜೆಎನ್‌ಯು ವಿಶ್ವವಿದ್ಯಾಲಯದ ಬಿಎಗೆ ಸಿಯುಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಪಿಯುಸಿಯಲ್ಲಿ ಚೈನೀಸ್ ಓದಿರಬೇಕಾಗಿಲ್ಲ, ಸೊನ್ನೆಯಿಂದ ಕಲಿಸುತ್ತಾರೆ. ಶಾಂತಿನಿಕೇತನದ ಚೀನಾ ಭವನವನ್ನೂ ನೋಡಿ. ಟ್ಯಾಗೋರರು 1937ರಲ್ಲಿ ಶುರು ಮಾಡಿದ್ದು, ಒಳ್ಳೆಯ ಗ್ರಂಥಾಲಯ ಇದೆ. ಮನೆಯವರು ಕೊನೆಗೂ ಒಪ್ಪದಿದ್ದರೆ ಬಿಕಾಂ ಜೊತೆ ಸಂಜೆಯ ಡಿಪ್ಲೊಮಾ ಹಿಡಿಯಿರಿ. ಆದರೆ ಸೇರುವ ಮುಂಚೆ ಒಂದು ದಿನ ತರಗತಿಯಲ್ಲಿ ಕೂತು ನೋಡಿ. ಮೇಷ್ಟ್ರು ವಿದ್ಯಾರ್ಥಿಗಳ ಟೋನ್ ತಿದ್ದದೆ ಪಾಠ ಮುಂದೆ ಓಡಿಸುತ್ತಿದ್ದರೆ ಅಲ್ಲಿ ದುಡ್ಡು ಕಟ್ಟಬೇಡಿ.